ಗಾಲಿ ಮನೆಯ ಕೆಳಗಿನ ನೆಲ

ಕಾರಿನ ಹಿಂದೆ ಎಳೆದೊಯ್ಯುವ ಮನೆ, ಅಂದರೆ ಟ್ರಾವೆಲ್ ಟ್ರೇಲರ್, ಅಮೆರಿಕದ ರಸ್ತೆಗಿಳಿದು ನೂರು ವರ್ಷ ದಾಟಿದೆ. ಅದರ ಕಥೆಯನ್ನು ಓಟದ ಕಥೆಯಾಗಿ ಹೇಳುವುದೇ ರೂಢಿ. ಹೆದ್ದಾರಿ, ಪಶ್ಚಿಮದ ಬಯಲು, ಬೆಳ್ಳಿಯಂತೆ ಹೊಳೆಯುವ ಏರ್‌ಸ್ಟ್ರೀಮ್ ಟ್ರೇಲರ್, ಯಾವ ಊರಿಗೂ ಕಟ್ಟುಬೀಳದ ಬದುಕು, ಇವೆಲ್ಲ ಆ ಕಥೆಯಲ್ಲಿ ಬರುತ್ತವೆ. ಆದರೆ ಟ್ರೇಲರ್ ತನ್ನ ಆಯುಸ್ಸಿನ ಬಹುಪಾಲನ್ನು ಕಳೆಯುವುದು ನಿಂತಲ್ಲಿ. ನಿಂತ ಮೇಲೆ ಅದನ್ನು ಮಟ್ಟ ಮಾಡಬೇಕು, ಅಲುಗದಂತೆ ನೆಲಕ್ಕೆ ಊರಿಸಬೇಕು. ಯಾರ ಗಮನಕ್ಕೂ ಬಾರದ ಈ ಕೆಲಸಕ್ಕೂ ಒಂದು ಚರಿತ್ರೆ ಇದೆ, ಮತ್ತು ಓಟದ ಕಥೆ ಮರೆಮಾಡುವ ಒಂದು ಸಂಗತಿಯನ್ನು ಅದು ತೋರಿಸಿಕೊಡುತ್ತದೆ. ಟ್ರೇಲರ್ ಮನೆಯಾಗುವುದು ಅದರ ಗಾಲಿ ಕಳಚಿದಾಗ ಅಲ್ಲ, ಅದು ನೆಲದ ಮೇಲೆ ಮಟ್ಟವಾಗಿ ಕೂತಾಗ. ಅಮೆರಿಕದ ಕಾನೂನು ಮತ್ತು ಉದ್ಯಮ ಎರಡೂ ಬಹುಕಾಲ ಗಾಲಿಯನ್ನೇ ನೋಡುತ್ತ, ಗಾಲಿಯ ಕೆಳಗಿನ ನೆಲವನ್ನು ಯಾರ ಹೊಣೆಗೂ ಸೇರದಂತೆ ಬಿಟ್ಟವು. ಆ ತಪ್ಪಿನ ಬೆಲೆ ತೆತ್ತವರು ಅಗ್ಗದ ಸೂರಿಗಾಗಿ ಟ್ರೇಲರಿಗೆ ಬಂದವರು. ಇದು ನನ್ನ ವಾದ.

ಮೊದಲು ಕೆಲಸವನ್ನೇ ನೋಡೋಣ. ಎತ್ತು ಬಿಚ್ಚಿದ ಗಾಡಿ ಮುಗ್ಗರಿಸದಂತೆ ರೈತ ಮೂಕಿಯ ಕೆಳಗೆ ಒಂದು ಕೋಲು ಕೊಟ್ಟು ನಿಲ್ಲಿಸುತ್ತಾನೆ. ಟ್ರೇಲರಿನ ಮುಂದಕ್ಕೂ ಅಂಥದೇ ಉಕ್ಕಿನ ಮೂಕಿ ಚಾಚಿಕೊಂಡಿರುತ್ತದೆ, ಕೋಲಿನ ಬದಲು ತಿರುಗಿಸುವ ಜಾಕ್ ಇರುತ್ತದೆ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ, ಏಕೆಂದರೆ ಟ್ರೇಲರಿನೊಳಗೆ ಜನ ಬೇಯಿಸಿ, ಉಂಡು, ಮಲಗಬೇಕು. ಆದ್ದರಿಂದ ಕಾರಿನ ಕೊಂಡಿ ಕಳಚುವ ಮೊದಲೇ ಎಡಬಲದ ಮಟ್ಟ ನೋಡುತ್ತಾರೆ. ಒಂದು ಪಕ್ಕ ತಗ್ಗಾಗಿದ್ದರೆ ಆ ಪಕ್ಕದ ಗಾಲಿಯ ಎದುರು ಹಲಗೆಗಳನ್ನು ಇಟ್ಟು ಟ್ರೇಲರನ್ನು ಅದರ ಮೇಲೆ ಹತ್ತಿಸುತ್ತಾರೆ. ರಸಮಟ್ಟದ ಗುಳ್ಳೆ ನಡುವಿಗೆ ಬಂದ ಮೇಲೆ ಗಾಲಿಗಳಿಗೆ ಹಿಂದೆ ಮುಂದೆ ಅಡೆ ಕೊಡುತ್ತಾರೆ. ಅಡೆ ಕೊಡದೆ ಕೊಂಡಿ ಬಿಚ್ಚಿದರೆ ಇಳಿಜಾರಿನಲ್ಲಿ ಮನೆಯೇ ಉರುಳಿಹೋದೀತು. ಆಮೇಲೆ ಕೊಂಡಿ ಬಿಚ್ಚಿ, ಮೂಕಿಯ ಜಾಕ್ ತಿರುಗಿಸಿ ಹಿಂದುಮುಂದಿನ ಮಟ್ಟ ಸರಿಪಡಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗಳ ಆಸರೆ ಜಾಕ್‌ಗಳು ನೆಲ ಮುಟ್ಟುತ್ತವೆ. ಹೊಸಬರು ತಪ್ಪುವುದು ಇಲ್ಲಿಯೇ. ಮೂಲೆಯ ಜಾಕ್‌ಗಳಿರುವುದು ಅಲುಗಾಟ ತಡೆಯುವುದಕ್ಕೆ, ಭಾರ ಎತ್ತುವುದಕ್ಕಲ್ಲ. ಟ್ರೇಲರಿನ ತೂಕ ಗಾಲಿ ಮತ್ತು ಮೂಕಿಯ ಮೇಲೆಯೇ ಇರಬೇಕು. ಮೂಲೆಯಿಂದ ಎತ್ತಿ ಮಟ್ಟ ಮಾಡಲು ಹೊರಟರೆ ಕೆಳಗಿನ ಉಕ್ಕಿನ ಚೌಕಟ್ಟು ತಿರುಚಿಕೊಳ್ಳುತ್ತದೆ, ಬಾಗಿಲು ಹಿಡಿಯುತ್ತದೆ, ಕಿಟಕಿಯ ಸಂದಿ ಬಿರಿಯುತ್ತದೆ. ಅಂದರೆ ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮಟ್ಟ ಮಾಡುವುದು ಭೂಮಿಯ ಏರುತಗ್ಗಿಗೆ ಉತ್ತರ. ಆಸರೆ ಕೊಡುವುದು ಟ್ರೇಲರಿನ ಸ್ಪ್ರಿಂಗಿಗೆ ಉತ್ತರ, ಏಕೆಂದರೆ ರಸ್ತೆಯ ಹೊಡೆತ ತಡೆಯಲು ಹಾಕಿದ ಅದೇ ಸ್ಪ್ರಿಂಗ್ ನಿಂತಾಗ ಒಳಗೆ ಇಟ್ಟ ಪ್ರತಿ ಹೆಜ್ಜೆಗೂ ಮನೆಯನ್ನು ತೂಗಾಡಿಸುತ್ತದೆ. ಓಡುವಾಗಿನ ಗುಣ ನಿಂತಾಗ ದೋಷವಾಗುತ್ತದೆ ಎಂಬುದನ್ನು ನೆನಪಿಡಬೇಕು. ಮುಂದಿನ ಚರಿತ್ರೆಯಲ್ಲಿ ಇದೇ ಮತ್ತೆ ಮತ್ತೆ ಬರುತ್ತದೆ.

ಟ್ರೇಲರನ್ನು ರೂಪಿಸಿದ ಮೊದಲ ತಲೆಮಾರಿನ ಕಣ್ಣು ಪೂರ್ತಿ ಓಟದ ಮೇಲಿತ್ತು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾ ಊರಿನ ಡಿ ಸೋಟೊ ಪಾರ್ಕಿನಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘ ಕಟ್ಟಿಕೊಂಡವರು ಕಾರಿಗೆ ಡೇರೆ ಬಿಗಿದುಕೊಂಡೋ, ಮನೆಯಲ್ಲೇ ಮರಗೆಲಸ ಮಾಡಿ ಕಟ್ಟಿದ ಪೆಟ್ಟಿಗೆಯನ್ನು ಎಳೆದುಕೊಂಡೋ ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುತ್ತಿದ್ದ ಜನ. ಹತ್ತು ವರ್ಷದ ಬಳಿಕ ಡೆಟ್ರಾಯಿಟ್ ಕಡೆಯ ಆರ್ಥರ್ ಶರ್ಮನ್ ತನ್ನ ಕುಟುಂಬಕ್ಕೆಂದು ಗಟ್ಟಿ ಗೋಡೆಯ ಟ್ರೇಲರ್ ಕಟ್ಟಿ, 1930ರ ಡೆಟ್ರಾಯಿಟ್ ವಾಹನ ಪ್ರದರ್ಶನದಲ್ಲಿ ಇಟ್ಟರು. ಅವರ ‘ಕವರ್ಡ್ ವ್ಯಾಗನ್’ ಕಂಪನಿ ಆ ದಶಕದ ನಡುವಿಗೆ ದೇಶದ ಅತಿ ದೊಡ್ಡ ಟ್ರೇಲರ್ ತಯಾರಕ ಸಂಸ್ಥೆಯಾಯಿತು. ಇನ್ನು ಕೆಲವರು ವಿಮಾನದ ಲೋಕದಿಂದ ಬಂದರು. ವಿಮಾನಯಾನದ ಆದ್ಯರಲ್ಲಿ ಒಬ್ಬರಾದ ಗ್ಲೆನ್ ಕರ್ಟಿಸ್ ‘ಏರೋಕಾರ್’ ಎಂಬ ಟ್ರೇಲರ್ ಮಾಡಿದರು. ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನದ ನಿರ್ಮಾಣದ ಉಸ್ತುವಾರಿ ನೋಡಿಕೊಂಡಿದ್ದ ಹಾಲಿ ಬೌಲಸ್ 1934ರಲ್ಲಿ ಅಲ್ಯುಮಿನಿಯಂ ಹಾಳೆಗೆ ರಿವೆಟ್ ಹೊಡೆದು ‘ರೋಡ್ ಚೀಫ್’ ಮಾಡಿದರು. ಅದರ ಜಾಡಿನಲ್ಲೇ 1936ರಲ್ಲಿ ವಾಲಿ ಬೈಯಮ್ ಅವರ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ 1,200 ಡಾಲರಿಗೆ ಮಾರಾಟಕ್ಕೆ ಬಂತು. ಗಾಳಿಯನ್ನು ಸೀಳುವ ಮೈ, ಕಡಿಮೆ ತೂಕ, ಭದ್ರವಾದ ಕೊಂಡಿ, ಇವುಗಳಿಗೆ ಸುರಿದ ಜಾಣ್ಮೆ ದೊಡ್ಡದು. ನಿಂತ ಮೇಲಿನ ಪಾಡಿಗೆ ಅಷ್ಟು ಜಾಣ್ಮೆ ಮೀಸಲಾಗಲಿಲ್ಲ. ಹಲಗೆ, ದಿಮ್ಮಿ, ಕಲ್ಲು ಹುಡುಕಿ ಮಟ್ಟ ಮಾಡಿಕೊಳ್ಳುವುದು ಮಾಲೀಕನ ಪಾಲಿಗೆ ಬಂತು. ತಯಾರಕನ ಹೊಣೆ ಕೊಂಡಿಗೆ ಮುಗಿಯುತ್ತಿತ್ತು. ಅಲ್ಲಿಂದ ಕೆಳಗಿನದು ಕೊಂಡವನ ಅದೃಷ್ಟ.

ಈ ಸ್ಥಿತಿಯನ್ನು ಕದಲಿಸಿದ್ದು ಫ್ರಿಜ್ಜು. ಸ್ಟಾಕ್‌ಹೋಮಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಓದುತ್ತಿದ್ದ ಬಾಲ್ಟ್‌ಸರ್ ಫೊನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ಯುವಕರು 1922ರಲ್ಲಿ ಬೆಂಕಿಯಿಂದ ತಂಪು ಹುಟ್ಟಿಸುವ ಯಂತ್ರ ರೂಪಿಸಿದರು. ಎಲೆಕ್ಟ್ರೊಲಕ್ಸ್ ಕಂಪನಿ ಅದನ್ನು ಕೊಂಡು ಮಾರುಕಟ್ಟೆಗೆ ತಂದಿತು. ಅದರಲ್ಲಿ ಮೋಟಾರಿಲ್ಲ, ಕಂಪ್ರೆಸರ್ ಇಲ್ಲ, ತಿರುಗುವ ಒಂದು ಭಾಗವೂ ಇಲ್ಲ. ಸಣ್ಣ ಉರಿಯೊಂದು ನೀರಿನಲ್ಲಿ ಕರಗಿದ ಅಮೋನಿಯಾವನ್ನು ಕುದಿಸಿ ಬೇರ್ಪಡಿಸುತ್ತದೆ. ಆವಿ ಮೇಲೇರಿ ತಣಿದು ದ್ರವವಾಗುತ್ತದೆ. ದ್ರವ ಕೊಳವೆಗಳಲ್ಲಿ ಇಳಿಯುತ್ತ ಹೈಡ್ರೋಜನ್ ಜೊತೆಗೆ ಮತ್ತೆ ಆವಿಯಾಗಿ ಸುತ್ತಲಿನ ಶಾಖ ಹೀರಿಕೊಳ್ಳುತ್ತದೆ. ಆಮೇಲೆ ನೀರು ಆ ಆವಿಯನ್ನು ಹೀರಿಕೊಂಡು ಕುದಿಯುವ ಜಾಗಕ್ಕೆ ಮರಳುತ್ತದೆ. ಇಳಿಯುವುದು, ಮರಳುವುದು ಎಲ್ಲ ಭೂಮಿಯ ಸೆಳೆತದಿಂದಲೇ. ವಿದ್ಯುತ್ ಇಲ್ಲದ ಕಡೆ ಗ್ಯಾಸ್ ಸಿಲಿಂಡರಿನಿಂದ ನಡೆಯುವ ಈ ಪೆಟ್ಟಿಗೆ ಟ್ರೇಲರಿಗೆ ಹೇಳಿ ಮಾಡಿಸಿದಂತಿತ್ತು. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅದು ಐಸ್ ಪೆಟ್ಟಿಗೆಯ ಜಾಗ ಹಿಡಿಯುತ್ತ ಬಂತು. ಆದರೆ ಅದರದೊಂದು ಹಟವಿತ್ತು. ನಿಂತ ಟ್ರೇಲರ್ ವಾಲಿದ್ದರೆ ದ್ರವ ಕೊಳವೆಯ ತಗ್ಗಿನಲ್ಲಿ ನಿಂತುಬಿಡುತ್ತದೆ, ಕುದಿಯುವ ಭಾಗಕ್ಕೆ ಮರಳುವುದಿಲ್ಲ. ಉರಿ ಮಾತ್ರ ಉರಿಯುತ್ತಲೇ ಇರುತ್ತದೆ. ಬರಿದಾದ ಕೊಳವೆ ವಿಪರೀತ ಕಾಯುತ್ತದೆ. ತುಕ್ಕು ತಡೆಯಲು ಬೆರೆಸಿದ ಸೋಡಿಯಂ ಕ್ರೋಮೇಟ್ ಗಟ್ಟಿಯಾಗಿ ದಾರಿ ಮುಚ್ಚುತ್ತದೆ. ಆಮೇಲೆ ಮಟ್ಟ ಮಾಡಿದರೂ ಆ ಫ್ರಿಜ್ಜು ಮತ್ತೆ ಮೊದಲಿನಂತಾಗುವುದಿಲ್ಲ. ಓಡುವ ಟ್ರೇಲರಿನಲ್ಲಿ ಈ ತೊಂದರೆ ಅಷ್ಟಿಲ್ಲ, ಏಕೆಂದರೆ ಕುಲುಕಾಟದಲ್ಲಿ ದ್ರವ ಒಂದೆಡೆ ನಿಲ್ಲುವುದೇ ಇಲ್ಲ. ಈಚಿನ ಮಾದರಿಗಳಿಗೂ ತಯಾರಕರು ಹೇಳುವ ಮಿತಿ ಸುಮಾರು ಅಡ್ಡಕ್ಕೆ 3 ಡಿಗ್ರಿ, ಉದ್ದಕ್ಕೆ 6 ಡಿಗ್ರಿ. ಈ ಫ್ರಿಜ್ಜು ಬರುವತನಕ ಮಟ್ಟ ಎಂಬುದು ನಿದ್ದೆಯ ಸುಖಕ್ಕೆ, ಬಾಣಲೆಯ ಎಣ್ಣೆ ಒಂದು ಕಡೆ ಹರಿಯದಿರುವುದಕ್ಕೆ ಬೇಕಾದ ಸಂಗತಿಯಾಗಿತ್ತು. ಈಗ ಅದು ಯಂತ್ರದ ಷರತ್ತಾಯಿತು. ಓಡುವುದಕ್ಕೆಂದೇ ಕಟ್ಟಿದ ವಸ್ತುವಿನೊಳಗೆ ಮಟ್ಟದ ನೆಲ ಕೇಳುವ ಅಂಗವೊಂದು ಸೇರಿಕೊಂಡಿತ್ತು. ಗೋಡೆಗೆ ಅಂಟಿಸಿದ ಪುಟ್ಟ ರಸಮಟ್ಟ, ಗಾಲಿಯ ಕೆಳಗಿಡುವ ಅಚ್ಚುಕಟ್ಟಾದ ಮೆಟ್ಟಿಲುಹಲಗೆ, ಮುಂದೆ ಒಂದರ ಮೇಲೊಂದು ಕೂರುವ ಪ್ಲಾಸ್ಟಿಕ್ ತುಂಡುಗಳು, ಗುಂಡಿ ಒತ್ತಿದರೆ ತಾವೇ ಮಟ್ಟ ಹುಡುಕುವ ಜಾಕ್‌ಗಳು ಇವೆಲ್ಲ ಟ್ರೇಲರಿನ ಸಾಮಾನುಪಟ್ಟಿ ಸೇರಿದ್ದರಲ್ಲಿ ಈ ಹಟದ ಪಾಲು ದೊಡ್ಡದು.

ಇಲ್ಲಿ ಒಂದು ಆಕ್ಷೇಪ ಎದ್ದೇ ಏಳುತ್ತದೆ. ಒಂದು ರಾತ್ರಿಗೆ ಮಟ್ಟ ಮಾಡಿ ಬೆಳಿಗ್ಗೆ ಹೊರಡುವವನೂ ಇದೇ ಕೆಲಸ ಮಾಡುತ್ತಾನಲ್ಲ, ಮಟ್ಟ ಮಾಡಿದೊಡನೆ ಅದು ಮನೆ ಎಂದರೆ ಹೇಗೆ? 1959–60ರಲ್ಲಿ ವಾಲಿ ಬೈಯಮ್ ಮುಂದಾಳುತನದಲ್ಲಿ 41 ಏರ್‌ಸ್ಟ್ರೀಮ್‌ಗಳು ಕೇಪ್‌ಟೌನಿನಿಂದ ಕೈರೋವರೆಗೆ ಆಫ್ರಿಕಾವನ್ನು ಉದ್ದಕ್ಕೂ ಹಾಯ್ದವು. ಇಳಿದ ಪ್ರತಿ ತಾಣದಲ್ಲೂ ಗಾಲಿಗೆ ಅಡೆ ಬಿತ್ತು, ಮೂಕಿ ಏರಿತು ಇಳಿಯಿತು. ಅವನ್ನು ಯಾರೂ ಊರು ಎನ್ನುವುದಿಲ್ಲ. ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ನನ್ನ ವಾದವನ್ನು ಮುರಿಯುವುದಕ್ಕಿಂತ ಹೆಚ್ಚಾಗಿ ಅಳತೆಯ ಪ್ರಶ್ನೆಯನ್ನು ಎತ್ತುತ್ತದೆ. ಒಂದು ರಾತ್ರಿಯ ಹಲಗೆಗೂ ಹತ್ತು ವರ್ಷದ ಕಾಂಕ್ರೀಟ್ ಬ್ಲಾಕಿಗೂ ನಡುವೆ ಇರುವುದು ಅವಧಿಯ ಅಂತರ. ಎಷ್ಟು ದಿನ, ಎಷ್ಟು ಗಟ್ಟಿಯಾಗಿ ಎಂದು ಕೇಳಿದರೆ ಪ್ರವಾಸಿಯೂ ನಿವಾಸಿಯೂ ಬೇರೆಯಾಗಿ ಕಾಣುತ್ತಾರೆ. ಗಾಲಿ ಇದೆಯೇ ಇಲ್ಲವೇ ಎಂದು ಕೇಳಿದರೆ ಇಬ್ಬರೂ ಒಂದೇ. 1954ರ ಎಂಜಿಎಂ ಚಿತ್ರ ‘ದಿ ಲಾಂಗ್, ಲಾಂಗ್ ಟ್ರೇಲರ್’ನಲ್ಲಿ ಹೊಸದಾಗಿ ಮದುವೆಯಾದ ಜೋಡಿಯ ಟ್ರೇಲರ್ ಕೆಸರಿನಲ್ಲಿ ವಾಲಿಕೊಂಡು ನಿಲ್ಲುತ್ತದೆ, ವಧುವಿನ ಪಾತ್ರದ ಲೂಸಿಲ್ ಬಾಲ್ ಹಾಸಿಗೆಯಿಂದ ಉರುಳುತ್ತಾರೆ, ಪ್ರೇಕ್ಷಕರು ನಗುತ್ತಾರೆ. ಆ ನಗೆ ಹುಟ್ಟಿದ್ದು ನೋಡುವವರಿಗೆ ಒಂದು ನಿರೀಕ್ಷೆ ಇದ್ದುದರಿಂದ. ಹಾಸಿಗೆ, ಒಲೆ, ಕಪಾಟು ಇರುವ ಕಡೆ ನೆಲ ಮಟ್ಟವಾಗಿರಬೇಕು ಎಂಬುದು ಆ ಹೊತ್ತಿಗೆ ಜನಸಾಮಾನ್ಯರಿಗೆ ಹೇಳಿಕೊಡಬೇಕಾದ ಮಾತಾಗಿರಲಿಲ್ಲ.

ಕಾನೂನಿಗೆ ಮಾತ್ರ ಹೇಳಿಕೊಡಬೇಕಾಗಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಟ್ರೇಲರ್ ವಿಹಾರದ ವಾಹನವಷ್ಟೇ ಆಗಿ ಉಳಿಯದೆ, ಮನೆ ಕಳೆದುಕೊಂಡವರ ಸೂರೂ ಆಯಿತು. ಇನ್ನು ಇಪ್ಪತ್ತು ವರ್ಷದಲ್ಲಿ ದೇಶದ ಅರ್ಧ ಜನ ಟ್ರೇಲರುಗಳಲ್ಲಿ ಇರುತ್ತಾರೆ ಎಂದು ಅರ್ಥಶಾಸ್ತ್ರಜ್ಞ ರೋಜರ್ ಬ್ಯಾಬ್ಸನ್ ಭವಿಷ್ಯ ನುಡಿದರು. ಅದು ಹುಸಿಯಾಯಿತು, ಆದರೆ ಊರೂರಿನ ಆಡಳಿತಗಳಿಗೆ ಹೆದರಿಕೆ ಹುಟ್ಟಿಸಲು ಸಾಕಾಯಿತು. 1936ರಲ್ಲಿ ಮಿಶಿಗನ್ ರಾಜ್ಯದ ಆರ್ಚರ್ಡ್ ಲೇಕ್ ಎಂಬ ಊರಿನಲ್ಲಿ ಟ್ರೇಲರ್ ನಿಲ್ಲಿಸಿಕೊಂಡು ತಿಂಗಳುಗಟ್ಟಲೆ ಇದ್ದವರ ಮೇಲೆ ಮೊಕದ್ದಮೆ ಹೂಡಲಾಯಿತು. ನಿಗದಿಪಡಿಸಿದ ವಿಸ್ತೀರ್ಣಕ್ಕಿಂತ ಚಿಕ್ಕ ವಾಸದ ಮನೆ ಇರಕೂಡದು ಎಂಬುದು ಊರ ನಿಯಮ. ಮಲಗಲು, ಉಣ್ಣಲು, ಬೇಯಿಸಲು ಅನುಕೂಲವಿರುವುದರಿಂದ ಟ್ರೇಲರೂ ಮನುಷ್ಯವಾಸದ ಮನೆಯೇ ಎಂದು ಅಲ್ಲಿನ ನ್ಯಾಯಾಧೀಶರು ತೀರ್ಪಿತ್ತರು. ತರ್ಕ ಸರಿಯಾಗಿತ್ತು, ಪರಿಣಾಮ ವಿಚಿತ್ರವಾಯಿತು. ಮನೆ ಎಂದು ಒಪ್ಪಿದ್ದು ಅದರೊಳಗಿದ್ದವರಿಗೆ ಮನೆಯ ರಕ್ಷಣೆ ಕೊಡಲಿಕ್ಕಲ್ಲ, ಅವರನ್ನು ಎಬ್ಬಿಸಲಿಕ್ಕೆ. ಇದನ್ನು ಕಂಡ ಟ್ರೇಲರ್ ನಿವಾಸಿಗಳಿಗೆ ‘ಇದು ವಾಹನ’ ಎನ್ನುವುದೇ ಕ್ಷೇಮವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿಂದ ಮುಂದೆ ಎಷ್ಟೋ ಊರುಗಳ ನಿಯಮಗಳು ಒಂದೇ ಅಚ್ಚಿನಲ್ಲಿ ಬಂದವು. ಇಷ್ಟು ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ; ಗಾಲಿ ಕಳಚಿದರೆ ಅಥವಾ ಪಾಯಕ್ಕೆ ಜೋಡಿಸಿದರೆ ಅದು ಕಟ್ಟಡ, ಕಟ್ಟಡದ ಎಲ್ಲ ನಿಯಮಗಳೂ ಅದಕ್ಕೆ ಅನ್ವಯ. ಈ ನಿಯಮ ಏನು ಕಲಿಸಿತು ಎಂದು ಯೋಚಿಸಬೇಕು. ನೆಲಕ್ಕೆ ಭದ್ರವಾಗಿ ಊರಿಕೊಂಡವನಿಗೆ ದಂಡ, ಸಡಿಲವಾಗಿ ನಿಂತವನಿಗೆ ವಿನಾಯಿತಿ. ಮಟ್ಟವಾದ ಗಟ್ಟಿ ಪಾಯ ಹಾಕಿಕೊಳ್ಳದಿರುವುದೇ ಬದುಕುವ ಉಪಾಯವಾಯಿತು. ಮುಂದಿನ ಅನಾಹುತಗಳ ಬೀಜ ಬಿದ್ದದ್ದು ಇಲ್ಲಿ ಎಂಬುದು ನನ್ನ ನಿಲುವು.

ಎರಡನೆಯ ಮಹಾಯುದ್ಧ ಬಂದಾಗ ಸರ್ಕಾರವೇ ಹತ್ತಾರು ಸಾವಿರ ಟ್ರೇಲರುಗಳನ್ನು ಕೊಂಡು ಯುದ್ಧ ಸಾಮಗ್ರಿಯ ಕಾರ್ಖಾನೆಗಳ ಕಾರ್ಮಿಕರನ್ನು ಇರಿಸಿತು. ಅಣುಬಾಂಬಿನ ಗುಟ್ಟಿನ ಊರುಗಳಾದ ಟೆನ್ನೆಸಿಯ ಓಕ್ ರಿಜ್, ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್ ಎರಡರಲ್ಲೂ ಸಾಲುಸಾಲು ಟ್ರೇಲರುಗಳಿದ್ದವು. ಓಡದ ಟ್ರೇಲರ್ ಅಲ್ಲಿ ರಾಷ್ಟ್ರೀಯ ನೀತಿಯೇ ಆಯಿತು. ಯುದ್ಧ ಮುಗಿದ ಮೇಲೆ ವಸತಿಯ ಬರ ಇನ್ನೂ ಬಿಗಿಯಾಯಿತು, ಟ್ರೇಲರ್ ಇನ್ನೂ ಉದ್ದವಾಯಿತು. ನಿರ್ಣಾಯಕ ವರ್ಷ 1954. ಅಲ್ಲಿಯತನಕ ರಸ್ತೆಯ ನಿಯಮದಂತೆ ಟ್ರೇಲರಿನ ಅಗಲ 8 ಅಡಿ. ವಿಸ್ಕಾನ್ಸಿನ್‌ನ ಮಾರ್ಷ್‌ಫೀಲ್ಡ್ ಹೋಮ್ಸ್ ಕಂಪನಿಯ ಎಲ್ಮರ್ ಫ್ರೇ 10 ಅಡಿ ಅಗಲದ ಮಾದರಿಯನ್ನು ತಂದರು. ‘ಮೊಬೈಲ್ ಹೋಮ್’ ಎಂಬ ಹೆಸರು ಬಳಕೆಗೆ ಬಂದದ್ದೂ ಅವರಿಂದಲೇ. ಆ ಎರಡು ಅಡಿಯ ಮಹತ್ವವನ್ನು ಕಡಿಮೆ ಎಣಿಸಬಾರದು. 10 ಅಡಿ ಅಗಲದ್ದನ್ನು ರಸ್ತೆಯಲ್ಲಿ ಒಯ್ಯಲು ವಿಶೇಷ ಪರವಾನಗಿ ಬೇಕು, ಲಾರಿ ಬೇಕು. ಕೊಳ್ಳುವವನಿಗೆ ಅದು ಗೊತ್ತಿತ್ತು, ಆದರೂ ಕೊಂಡ. ಓಡಾಟದ ಸ್ವಾತಂತ್ರ್ಯ ಮತ್ತು ಊಟದ ಮೇಜಿನ ಪಕ್ಕ ನಡೆದಾಡುವಷ್ಟು ಜಾಗ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದಾಗ ಜನ ಜಾಗವನ್ನು ಆರಿಸಿಕೊಂಡರು. ಜಾನ್ ಸ್ಟೈನ್‌ಬೆಕ್ 1960ರಲ್ಲಿ ನಾಯಿಯೊಂದಿಗೆ ದೇಶ ಸುತ್ತಿ ಬರೆದ ‘ಟ್ರಾವೆಲ್ಸ್ ವಿತ್ ಚಾರ್ಲಿ’ಯಲ್ಲಿ ಮೊಬೈಲ್ ಹೋಮ್ ನಿವಾಸಿಗಳನ್ನು ಮಾತಾಡಿಸುತ್ತಾರೆ, ಬೇರೂರುವುದು ಎಂಬ ಬೆಲೆ ಹಳತಾಯಿತೇ ಎಂದು ಚಿಂತಿಸುತ್ತಾರೆ. ಆ ಮಹಾ ಲೇಖಕನ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಅವರೂ ಗಾಲಿಗೆ ಕೊಡಬಾರದಷ್ಟು ತೂಕ ಕೊಟ್ಟರು. ಅಂಥ ಮನೆಗಳಲ್ಲಿ ಬಹುಪಾಲು ಕಾರ್ಖಾನೆಯಿಂದ ನಿವೇಶನಕ್ಕೆ ಒಮ್ಮೆ ಪಯಣಿಸಿ ಅಲ್ಲೇ ಉಳಿಯುವಂಥವು. ಕೆಳಗೆ ಕಾಂಕ್ರೀಟ್ ಬ್ಲಾಕುಗಳ ಗಿಡ್ಡ ಕಂಬಗಳು, ಸುತ್ತ ಗಾಲಿಯನ್ನು ಮರೆಸುವ ತಗಡಿನ ಹೊದಿಕೆ, ಬಾಗಿಲಿಗೆ ಮೆಟ್ಟಿಲು, ಪಕ್ಕದಲ್ಲಿ ಹೂಗಿಡ. ಬೇರೂರುವ ಆಸೆ ಅಲ್ಲಿ ಕೊರತೆಯಾಗಿರಲಿಲ್ಲ. ಬೇರಿಗೆ ನೆಲ ಸಿಕ್ಕಿರಲಿಲ್ಲ, ಏಕೆಂದರೆ ಮನೆ ನಿವಾಸಿಯದಾದರೂ ಕೆಳಗಿನ ಜಾಗ ಎಷ್ಟೋ ಕಡೆ ಅದನ್ನು ಬಾಡಿಗೆಗೆ ಕೊಡುವ ಟ್ರೇಲರ್ ಪಾರ್ಕಿನ ಒಡೆಯನದಾಗಿತ್ತು.

1974ರಲ್ಲಿ ಅಮೆರಿಕದ ಸಂಸತ್ತು ಮೊಬೈಲ್ ಹೋಮ್‌ಗಳ ನಿರ್ಮಾಣ ಮತ್ತು ಸುರಕ್ಷತೆಗೆ ಕಾಯಿದೆ ಮಾಡಿತು. ವಸತಿ ಇಲಾಖೆಯ ನಿಯಮಾವಳಿ 1976ರ ಜೂನ್ 15ರಂದು ಜಾರಿಗೆ ಬಂತು. ಗೋಡೆಯ ಬಲ, ತಂತಿ, ಕೊಳಾಯಿ, ಬೆಂಕಿಯ ಮುನ್ನೆಚ್ಚರಿಕೆ ಎಲ್ಲಕ್ಕೂ ದೇಶಕ್ಕೆಲ್ಲ ಒಂದೇ ಅಳತೆ ಬಂತು. ಬಹಳ ಒಳ್ಳೆಯ ಕೆಲಸ. ಆದರೆ ಅಳತೆ ಕಾರ್ಖಾನೆಯ ಬಾಗಿಲಲ್ಲಿ ನಿಂತಿತು. ಮನೆ ನಿವೇಶನಕ್ಕೆ ಬಂದ ಮೇಲೆ ಮಣ್ಣು ಎಂಥದು, ಕಂಬಗಳು ಎಷ್ಟು ದೂರಕ್ಕೊಂದು, ಮಟ್ಟ ಹೇಗೆ ನೋಡಬೇಕು, ಗಾಳಿಗೆ ಹಾರದಂತೆ ನೆಲಗೂಟ ಎಲ್ಲಿ ಹೊಡೆಯಬೇಕು ಎಂಬುದೆಲ್ಲ ಆಯಾ ರಾಜ್ಯಕ್ಕೆ, ತಯಾರಕನ ಕೈಪಿಡಿಗೆ, ಮಾರಿದ ವ್ಯಾಪಾರಿಯ ಆಳುಗಳಿಗೆ ಬಿಟ್ಟ ಮಾತಾಯಿತು. ಈ ಕೆಲಸಗಾರರ ಕೌಶಲವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಗಾರೆ ಮೇಸ್ತ್ರಿಗಳು ಟ್ಯೂಬ್ ಲೆವೆಲ್ ಎನ್ನುವ ನೀರು ತುಂಬಿದ ಪಾರದರ್ಶಕ ಕೊಳವೆಯಿಂದಲೇ ಅವರೂ ಇಡೀ ಮನೆಯ ಉದ್ದಕ್ಕೆ ಮಟ್ಟ ಹಿಡಿಯುತ್ತಾರೆ, ಕಂಬದ ತಲೆಯ ಮೇಲೆ ಮರದ ಬೆಣೆ ಬಡಿದು ಕೂದಲೆಳೆಯಷ್ಟು ಸರಿಪಡಿಸುತ್ತಾರೆ. ಕೊರತೆ ಇದ್ದದ್ದು ಕೈಯಲ್ಲಲ್ಲ, ಹೊಣೆಯಲ್ಲಿ. ಕಂಬದ ಕೆಳಗಿನ ಮಣ್ಣು ಮಳೆಗೆ ಕುಸಿದರೆ, ಜೇಡಿಮಣ್ಣು ಒಣಗಿ ಕುಗ್ಗಿದರೆ ಮನೆ ವಾಲುತ್ತದೆ, ಬಾಗಿಲು ಹಿಡಿಯುತ್ತದೆ, ಮಾಡು ಸೋರುತ್ತದೆ. ಆಗ ತಯಾರಕ ಕೂರಿಸಿದವನನ್ನು ತೋರಿಸುತ್ತಾನೆ, ಕೂರಿಸಿದವನು ಜಾಗದ ಒಡೆಯನನ್ನು ತೋರಿಸುತ್ತಾನೆ.

1992ರ ಆಗಸ್ಟ್ 24ರಂದು ಆಂಡ್ರೂ ಚಂಡಮಾರುತ ದಕ್ಷಿಣ ಫ್ಲಾರಿಡಾಕ್ಕೆ ಅಪ್ಪಳಿಸಿತು. ಹೋಮ್‌ಸ್ಟೆಡ್ ಎಂಬ ಊರಿನಲ್ಲಿದ್ದ 1,176 ಮೊಬೈಲ್ ಹೋಮ್‌ಗಳಲ್ಲಿ 1,167 ಪೂರ್ತಿ ನಾಶವಾದವು. ಇಷ್ಟನ್ನೂ ನೆಲದ ತಪ್ಪಿಗೆ ಕಟ್ಟುವುದು ನ್ಯಾಯವಲ್ಲ; ಗೋಡೆ, ಮಾಡು, ಜೋಡಣೆಗಳೂ ಆ ಗಾಳಿಗೆ ಸಾಲದಾಗಿದ್ದವು. ವಸತಿ ಇಲಾಖೆ 1994ರಲ್ಲಿ ಗಾಳಿಯ ಒತ್ತಡದ ಅಳತೆಗಳನ್ನು ಬಿಗಿ ಮಾಡಿತು. ಫ್ಲಾರಿಡಾ ರಾಜ್ಯ ಆ ದಶಕದ ಕೊನೆಗೆ ಕೂರಿಸುವ ಕೆಲಸಕ್ಕೂ ಕಟ್ಟುನಿಟ್ಟಾದ ನಿಯಮ ತಂದಿತು. 2004ರಲ್ಲಿ ಚಾರ್ಲಿ ಚಂಡಮಾರುತ ಅದೇ ರಾಜ್ಯಕ್ಕೆ ಬಂದಾಗ, ಹೊಸ ಅಳತೆಯಲ್ಲಿ ಕಟ್ಟಿ ಹೊಸ ನಿಯಮದಂತೆ ಊರಿಸಿದ ಮನೆಗಳು ಹಳೆಯವುಗಳಿಗಿಂತ ಎಷ್ಟೋ ಚೆನ್ನಾಗಿ ತಡೆದು ನಿಂತವು. ಕಾರ್ಖಾನೆಯ ಮನೆ ಎಂದರೆ ಗಾಳಿಗೆ ಹಾರುವ ಡಬ್ಬಿ ಎಂಬ ಮಾತು ಆಗ ಸುಳ್ಳಾಯಿತು. ಒಂದು ಸಣ್ಣ ಸಂಗತಿಯನ್ನು ಇಲ್ಲಿ ಬಿಡಲಾರೆ. ಈ ಮನೆಗಳಿಗೆ ನೆಲಗೂಟ ಎಷ್ಟು ಆಳ ಹೊಡೆಯಬೇಕೆಂಬ ನಿಯಮ ಮಾಡಿದ ಕಚೇರಿ ಫ್ಲಾರಿಡಾದ ಹೆದ್ದಾರಿ ಸುರಕ್ಷತೆ ಮತ್ತು ಮೋಟಾರು ವಾಹನ ಇಲಾಖೆ. ಅದು ಕೆಲಸವನ್ನು ಚೆನ್ನಾಗಿಯೇ ಮಾಡಿತು. ಆದರೂ ಚಂಡಮಾರುತದ ಎದುರು ನಿಂತ ಮನೆಯ ಪಾಯ ಡ್ರೈವಿಂಗ್ ಲೈಸೆನ್ಸ್ ಕೊಡುವ ಇಲಾಖೆಯ ವಿಷಯವಾಗಿತ್ತು ಎಂಬುದಕ್ಕಿಂತ ದೊಡ್ಡ ಪುರಾವೆ ನನ್ನ ವಾದಕ್ಕೆ ಬೇಕಿಲ್ಲ. ರಾಷ್ಟ್ರಮಟ್ಟದಲ್ಲಿ ಕೂರಿಸುವ ಕೆಲಸಕ್ಕೆ ಅಳತೆ ಇರಬೇಕೆಂದು ಕಾಯಿದೆ ಹೇಳಿದ್ದು 2000ದಲ್ಲಿ. ಮಾದರಿ ನಿಯಮಗಳು ಪ್ರಕಟವಾದದ್ದು 2007ರಲ್ಲಿ, ಜಾರಿಗೆ ಬಂದದ್ದು 2008ರಲ್ಲಿ. ಕದಡದ ಗಟ್ಟಿ ಮಣ್ಣಿನ ಮೇಲೆ ಅಡಿಗಲ್ಲು ಇಡಬೇಕು, ಮನೆಯಿಂದ ಆಚೆಗೆ ಮೊದಲ ಹತ್ತು ಅಡಿ ನೆಲ ಪ್ರತಿ ಅಡಿಗೆ ಅರ್ಧ ಇಂಚಿನಂತೆ ಇಳಿಜಾರಾಗಿರಬೇಕು ಎಂಬಂಥ ಸರಳ ಮಾತುಗಳು ಅದರಲ್ಲಿವೆ. ಗೋಡೆಗೆ ಅಳತೆ ಬಂದು ಮೂವತ್ತೆರಡು ವರ್ಷವಾದ ಮೇಲೆ ಗೋಡೆಯ ಕೆಳಗಿನ ಮಣ್ಣಿಗೆ ಅಳತೆ ಬಂತು.

ಇದಕ್ಕೆ ಎದುರಾಗಿ ಗಂಭೀರವಾದ ಮಾತೊಂದಿದೆ. ವಾಹನ ಎಂಬ ಹೆಸರೇ ಬಡವರಿಗೆ ಅಗ್ಗದ ಮನೆ ಕೊಟ್ಟಿತು, ಕಟ್ಟಡದ ನಿಯಮ, ಆಸ್ತಿ ತೆರಿಗೆ, ಪಾಯದ ಖರ್ಚು ಎಲ್ಲವನ್ನೂ ಹೇರಿದ್ದರೆ ಆ ಮನೆಯೂ ಅವರ ಕೈಗೆ ಸಿಗುತ್ತಿರಲಿಲ್ಲ ಎಂಬುದು ಆ ಮಾತು. ಅರ್ಧ ನಿಜ. ವಿನಾಯಿತಿಯಿಂದ ಉಳಿತಾಯವಾದದ್ದು ಹೌದು. ಆದರೆ ಅಗ್ಗವಾದದ್ದರ ಮುಖ್ಯ ಕಾರಣ ಕಾರ್ಖಾನೆಯ ಸಾಲಿನಲ್ಲಿ ಒಂದೇ ಅಚ್ಚಿನ ಮನೆ ಕಟ್ಟುವ ಕ್ರಮ, ಕೆಟ್ಟ ಪಾಯವಲ್ಲ. ಮೇಲಾಗಿ ವಾಹನ ಎಂಬ ಹೆಸರು ಇನ್ನೊಂದು ಕಡೆಯಿಂದ ಹಣ ಕಿತ್ತಿತು. ಬಹುತೇಕ ರಾಜ್ಯಗಳಲ್ಲಿ ಇಂಥ ಮನೆ ಮೊದಲಿಗೆ ಸ್ಥಿರಾಸ್ತಿಯಲ್ಲ, ಚರ ಸ್ವತ್ತು. ಅದಕ್ಕೆ ಮನೆಸಾಲದ ಬಡ್ಡಿಯಲ್ಲಿ ಸಾಲ ಸಿಗುವುದು ಕಷ್ಟ. ಸಿಗುವುದು ಹೆಚ್ಚಿನ ಬಡ್ಡಿಯ, ಕಡಿಮೆ ಅವಧಿಯ ಸಾಲ. ಬೇರೆ ದಾರಿ ಇರಲಿಲ್ಲವೇ ಎಂದರೆ ಇತ್ತು. ಬ್ರಿಟನ್ 1960ರ ಕಾಯಿದೆಯಲ್ಲಿ ಪರವಾನಗಿಯ ಹೊಣೆಯನ್ನು ಕ್ಯಾರವಾನ್ ನಿಲ್ಲುವ ಜಾಗದ ಒಡೆಯನ ಮೇಲೆ ಹಾಕಿತು. ಅಲ್ಲಿನ ಮಾದರಿ ಷರತ್ತುಗಳು ಪ್ರತಿ ವಾಸದ ಕ್ಯಾರವಾನ್ ಕೆಳಗೂ ಕಾಂಕ್ರೀಟ್ ಹಾಸು ಇರಬೇಕೆನ್ನುತ್ತವೆ. ಅಲ್ಲಿಯೂ ಜಾಗದ ಒಡೆಯರ ದಬ್ಬಾಳಿಕೆಯ ದೂರುಗಳು ಕಡಿಮೆಯಿಲ್ಲ, ಅದನ್ನು ಸ್ವರ್ಗವೆಂದು ಯಾರೂ ಹೇಳಲಾರರು. ಆದರೆ ಗಾಲಿಯನ್ನು ಗಾಲಿಯ ಪಾಡಿಗೆ ಬಿಟ್ಟು ನೆಲಕ್ಕೆ ನಿಯಮ ಮಾಡಬಹುದು, ಹಾಗೆ ಮಾಡಿಯೂ ಮನೆ ಅಗ್ಗವಾಗಿ ಉಳಿಯಬಹುದು ಎಂಬುದಕ್ಕೆ ಅದು ಸಾಕ್ಷಿ.

ಗಾಲಿಯನ್ನೇ ನೋಡುವ ಕಾನೂನು ಎಷ್ಟು ದೂರ ಒಯ್ಯಬಲ್ಲದು ಎಂಬುದು 2005ರ ಕತ್ರಿನಾ ಚಂಡಮಾರುತದ ಬಳಿಕ ತಿಳಿಯಿತು. ಮನೆ ಕಳೆದುಕೊಂಡವರಿಗಾಗಿ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಸುಮಾರು 1,45,000 ಟ್ರೇಲರು ಮತ್ತು ಮೊಬೈಲ್ ಹೋಮ್‌ಗಳನ್ನು ಕೊಂಡಿತು. ಅವುಗಳಲ್ಲಿ ಹೆಚ್ಚಿನವು ವಾರಾಂತ್ಯದ ವಿಹಾರಕ್ಕೆಂದು ಕಟ್ಟಿದ ಟ್ರಾವೆಲ್ ಟ್ರೇಲರುಗಳು. ಅವನ್ನು ಬ್ಲಾಕುಗಳ ಮೇಲೆ ಮಟ್ಟವಾಗಿ ಕೂರಿಸಿ, ಪಟ್ಟಿ ಬಿಗಿದು, ನೀರು, ವಿದ್ಯುತ್, ಚರಂಡಿ ಜೋಡಿಸಿ ಕುಟುಂಬಗಳನ್ನು ಇರಿಸಿದರು. ಎಷ್ಟೋ ಜನ ತಿಂಗಳುಗಳಲ್ಲ, ವರ್ಷಗಳ ಕಾಲ ಅಲ್ಲಿದ್ದರು. ಕಣ್ಣುರಿ, ಉಸಿರಾಟದ ತೊಂದರೆಯ ದೂರುಗಳು ಬಂದವು. ರೋಗ ನಿಯಂತ್ರಣ ಕೇಂದ್ರ 2007ರ ಡಿಸೆಂಬರಿನಿಂದ ಮುಂದಿನ ಜನವರಿಯವರೆಗೆ 519 ಘಟಕಗಳ ಒಳಗಾಳಿ ಅಳೆದಾಗ ಫಾರ್ಮಾಲ್ಡಿಹೈಡ್ ಸರಾಸರಿ ನೂರು ಕೋಟಿಯಲ್ಲಿ 77 ಪಾಲು ಇತ್ತು. ಪ್ಲೈವುಡ್, ಚಿಪ್ಪಿನ ಹಲಗೆಗಳಿಂದ ಹೊರಬರುವ ಈ ಅನಿಲಕ್ಕೆ ವಸತಿ ಇಲಾಖೆಯ ಮಿತಿ ಆ ಹೊತ್ತಿಗೆ ಇಪ್ಪತ್ತು ವರ್ಷ ಹಳೆಯದು. ಆದರೆ ಅದು ಮೊಬೈಲ್ ಹೋಮ್‌ಗೆ ಮಾತ್ರ. ಟ್ರಾವೆಲ್ ಟ್ರೇಲರ್ ವಾಹನವಾದ್ದರಿಂದ ಅದಕ್ಕೆ ಆ ಮಿತಿ ಇರಲಿಲ್ಲ. ನೆಲಕ್ಕೆ ಊರಿ, ಮಟ್ಟ ಮಾಡಿ, ಚರಂಡಿಗೆ ಜೋಡಿಸಿ, ಮಕ್ಕಳನ್ನು ಮಲಗಿಸಿದ ಜಾಗವನ್ನು ವಾಹನ ಎಂದು ಕರೆದುದರ ಫಲ ಅದು. ಹಲಗೆಗಳ ಅನಿಲಕ್ಕೆ ಎಲ್ಲೆಡೆ ಅನ್ವಯವಾಗುವ ಕಾಯಿದೆ ಬಂದದ್ದು 2010ರಲ್ಲಿ.

ಈಚೆಗೆ ಹೊಸ ಆಕ್ಷೇಪವೊಂದು ಕೇಳುತ್ತದೆ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜುಗಳು ತುಸು ವಾಲಿದರೂ ನಡೆಯುತ್ತವೆ, ಜಾಕ್‌ಗಳು ತಾವೇ ಮಟ್ಟ ಹಿಡಿಯುತ್ತವೆ, ಇನ್ನು ಮಟ್ಟದ ಚರಿತ್ರೆಯಿಂದ ಏನಾಗಬೇಕು? ಪ್ರವಾಸಿಯ ಮಟ್ಟಿಗೆ ಈ ಮಾತು ಬಹುಪಾಲು ಸರಿ. ನಿವಾಸಿಯ ಮಟ್ಟಿಗೆ ಸರಿಯಲ್ಲ. ಗುಂಡಿ ಒತ್ತಿದಾಗ ಇಳಿಯುವ ಜಾಕ್ ಮಳೆಗೆ ಕುಸಿಯುವ ಮಣ್ಣಿಗೆ, ಬಿರುಗಾಳಿಗೆ, ಜಾಗದ ಬಾಡಿಗೆ ಏರಿಸುವ ಒಡೆಯನಿಗೆ ಉತ್ತರವಲ್ಲ. ಮತ್ತು ಗಾಲಿಯ ಮನೆಯಲ್ಲಿ ವರ್ಷಪೂರ್ತಿ ಇರುವವರು ಕಡಿಮೆಯಿಲ್ಲ. ಜೆಸಿಕಾ ಬ್ರೂಡರ್ 2017ರಲ್ಲಿ ಪ್ರಕಟಿಸಿದ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕ, ಅದನ್ನು ಆಧರಿಸಿ ಕ್ಲೋಯಿ ಜಾವೋ ಮಾಡಿದ ಆಸ್ಕರ್ ವಿಜೇತ ಚಿತ್ರ ನಮ್ಮಲ್ಲೂ ಅನೇಕರು ನೋಡಿದ್ದು. ಮನೆ ಸಾಲ ತೀರಿಸಲಾಗದೆ ವ್ಯಾನು, ಟ್ರೇಲರುಗಳಲ್ಲಿ ಬದುಕುತ್ತ ಗೋದಾಮಿನಲ್ಲಿ, ಬೀಟ್ ಕೊಯ್ಲಿನಲ್ಲಿ ದುಡಿಯುವ ವಯಸ್ಸಾದವರು ಅದರಲ್ಲಿದ್ದಾರೆ. ಆ ಪುಸ್ತಕ ಬಂದ ಮರುವರ್ಷ, 2018ರಲ್ಲಿ, ವಸತಿ ಇಲಾಖೆ ತನ್ನ ವ್ಯಾಖ್ಯೆಯನ್ನು ಸ್ಪಷ್ಟಪಡಿಸಿತು. ವಿಹಾರಕ್ಕೆಂದು ಮಾತ್ರ ರೂಪಿಸಿದ್ದು, ಮುಖ್ಯ ವಾಸಕ್ಕಾಗಲಿ ಶಾಶ್ವತ ವಾಸಕ್ಕಾಗಲಿ ಅಲ್ಲದ್ದು, ಅದು ವಿಹಾರ ವಾಹನ, ಅದಕ್ಕೆ ಮನೆಯ ನಿಯಮಗಳು ಅನ್ವಯಿಸುವುದಿಲ್ಲ. ತಯಾರಕನ ಉದ್ದೇಶವನ್ನು ಈ ವ್ಯಾಖ್ಯೆ ಕೇಳುತ್ತದೆ. ಅದು ಎಷ್ಟು ಕಾಲದಿಂದ, ಎಂಥ ನೆಲದ ಮೇಲೆ, ಯಾರನ್ನು ಒಳಗಿಟ್ಟುಕೊಂಡು ನಿಂತಿದೆ ಎಂದು ಕೇಳುವುದಿಲ್ಲ. ಒಂದು ಋತು ಮೀರಿ ಜನ ವಾಸವಿರುವ ಯಾವುದೇ ಟ್ರೇಲರಿನ ಕೆಳಗಿನ ಜಾಗಕ್ಕೆ ಗಟ್ಟಿ ಹಾಸು, ನೀರು ಹರಿಯುವ ಇಳಿಜಾರು, ನೆಲಗೂಟ ಒದಗಿಸುವುದು ಜಾಗದ ಒಡೆಯನ ಹೊಣೆ ಎಂದು ನಾಲ್ಕು ಸಾಲು ಬರೆದರೆ ಸಾಕು. 2007ರ ಮಾದರಿ ನಿಯಮಗಳಲ್ಲಿ ನೆಲದ ಅಳತೆಗಳು ಆಗಲೇ ಇವೆ. ಟ್ರಾವೆಲ್ ಟ್ರೇಲರಿಗೆ ಅವನ್ನು ವಿಸ್ತರಿಸಿಲ್ಲ, ವಿಸ್ತರಿಸಬೇಕು.